ಅತ್ತೆ ಬಣ್ಣ ನೋಡಿದ ಕಾರುಗಳು

ನಾನು ಹಲ್ಲಿನ ಸೆಟ್ ಮಾಡುವವಳು. ಹುಣಸೂರಿನ ಒಂದು ದಂತ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಕೂತು, ಡಾಕ್ಟರು ತೆಗೆದುಕೊಟ್ಟ ಅಚ್ಚಿನ ಮೇಲೆ ಮೇಣವಿಟ್ಟು, ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತೇನೆ. ಸೆಟ್ ಹಾಕಿಕೊಳ್ಳುವವರು ನನ್ನ ಮುಖ ನೋಡುವುದು ಅಪರೂಪ. ಎಲ್ಲಾದರೂ ಚುಚ್ಚುತ್ತಿದೆ ಎಂದು ದೂರು ಬಂದಾಗ ಮಾತ್ರ ಡಾಕ್ಟರು ನನ್ನನ್ನು ಹೊರಗೆ ಕರೆಯುತ್ತಾರೆ.

ಗುರುಪುರದ ಹತ್ತಿರದ ಟಿಬೆಟನ್ ಕ್ಯಾಂಪಿನ ಹಿರಿಯರೊಬ್ಬರು ಪರಿಚಯವಾದದ್ದು ಹಾಗೆ. ಅವರ ಕೆಳದವಡೆ ಸವೆದು ತೆಳ್ಳಗಾಗಿತ್ತು, ಸೆಟ್ ನಿಲ್ಲುತ್ತಲೇ ಇರಲಿಲ್ಲ. ನಾಲ್ಕು ಸಲ ಬಂದರು. ಒಂದು ಸಲವೂ ಸಿಟ್ಟಾಗಲಿಲ್ಲ. ಚುಚ್ಚುವ ಜಾಗವನ್ನು ಬೆರಳಿನಿಂದ ತೋರಿಸಿ, ನಾನು ಉಜ್ಜುವುದನ್ನು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಐದನೆಯ ಸಲ ಬಂದಾಗ ದೂರು ಇರಲಿಲ್ಲ. "ಸುಟ್ಟ ಜೋಳ ತಿಂದೆ ಮೇಡಂ, ಇಡೀ ತೆನೆ," ಎಂದು ಹೇಳಿ ನನ್ನ ಮೇಜಿನ ಮೇಲೊಂದು ರಟ್ಟಿನ ಪೆಟ್ಟಿಗೆ ಇಟ್ಟರು. ಅವರ ಮಗಳು ಜಪಾನಿನಲ್ಲಿ ಕೆಲಸದಲ್ಲಿದ್ದಾಳೆ. ರಜೆಗೆ ಬರುವಾಗ ಏನು ತರಲಿ ಎಂದು ಕೇಳಿದ್ದಳಂತೆ. "ನನಗೇನೂ ಬೇಡ. ಇಲ್ಲೊಬ್ಬರು ಇಷ್ಟಿಷ್ಟೇ ಸಾಮಾನು ಹಿಡ್ಕೊಂಡು ಇಡೀ ದಿನ ಕೂತಿರ್ತಾರೆ, ಅವರಿಗೆ ಏನಾದ್ರೂ ತಾ ಅಂದೆ," ಎಂದರು.

ಪೆಟ್ಟಿಗೆಯ ಮೇಲೆ ಕೆಂಪು ಕಾರಿನ ಚಿತ್ರ. ಉದ್ದ ಮೂಗು, ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾದ ಛಾವಣಿ. ನಾನು ಹುಟ್ಟುವುದಕ್ಕೆ ಮುಂಚೆ ಜಪಾನಿನ ರಸ್ತೆಗಳಲ್ಲಿ ಓಡಾಡುತ್ತಿದ್ದ ಕಾರು ಎಂದು ಆಮೇಲೆ ತಿಳಿಯಿತು. ಒಳಗೆ ಕಾರು ಇರಲಿಲ್ಲ. ಕಿಟಕಿ ಕಂಬಿಯಂಥ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡ ನೂರೆಂಟು ತುಂಡುಗಳಿದ್ದವು. ಒಂದೊಂದಕ್ಕೂ ನಂಬರು. ಯಾವುದಕ್ಕೆ ಯಾವುದನ್ನು ಅಂಟಿಸಬೇಕೆಂದು ಚಿತ್ರ ಬರೆದ ಒಂದು ಹಾಳೆ. ಅಕ್ಷರ ಓದಲು ಬಾರದಿದ್ದರೂ ಚಿತ್ರ ಯಾರಿಗಾದರೂ ತಿಳಿಯುವಂತಿತ್ತು.

ಮನೆಯಲ್ಲಿ ನಾವು ಮೂವರು. ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರು, ಎಚ್.ಡಿ. ಕೋಟೆ, ಸರಗೂರಿನ ಕಡೆಯ ರೂಟು. ಇನ್ನೊಬ್ಬರು ಅವರ ತಾಯಿ, ನಮ್ಮ ಅತ್ತೆ. ಆ ಸಂಜೆ ಪೆಟ್ಟಿಗೆ ಬಿಚ್ಚಿದಾಗ ಅತ್ತೆ ಒಂದು ಚೌಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದೇನ್ ಕಣವ್ವ, ಮೀನ್ ಮುಳ್ಳಿದ್ದಂಗದೆ?"

"ಕಾರು ಅತ್ತೆ. ನಾವೇ ಜೋಡಿಸಬೇಕಂತೆ."

ನನ್ನ ಗಂಡ ಸ್ಟೇರಿಂಗ್ ಹುಡುಕಿ ತೆಗೆದರು. ಅದು ಬಲಗಡೆ ಕೂರುವಂಥದ್ದು ಎಂದು ಹಾಳೆಯಲ್ಲಿ ನೋಡಿ ಅವರಿಗೆ ಬಹಳ ಸಮಾಧಾನವಾಯಿತು. "ನಮ್ ತರಾನೇ ಕಣೇ ಅವ್ರೂವೆ. ಆದ್ರೆ ಈ ಗಾಡಿನ ಸರಗೂರು ರೋಡಿಗೆ ಬುಟ್ರೆ ಮೊದಲ್ನೇ ಉಬ್ಬಿಗೇ ಹೊಟ್ಟೆ ಕಿತ್ತೋಗ್ತದೆ," ಎಂದರು.

ಮೊದಲ ಕಾರು ನಾನು ಕೆಡಿಸಿದೆ ಎಂದೇ ಹೇಳಬೇಕು. ಪೆಟ್ಟಿಗೆಯಲ್ಲಿ ಅಂಟು ಇರಲಿಲ್ಲ. ನಮ್ಮ ಲ್ಯಾಬಿನಲ್ಲಿ ಸೆಟ್ಟಿನ ಪುಡಿ ಕಲಸಲು ಬಳಸುವ ಘಾಟು ದ್ರವವೊಂದಿದೆ, ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಹಿಡಿಸುತ್ತದೆ ಎಂದು ಗೊತ್ತಿತ್ತು. ಕುಂಚದ ತುದಿಯಲ್ಲಿ ಸ್ವಲ್ಪ ಹಚ್ಚಿದೆ, ಹಿಡಿಯಿತು. ಧೈರ್ಯ ಬಂದು ಇನ್ನಷ್ಟು ಹಚ್ಚಿದೆ. ಎಡಗಡೆಯ ಬಾಗಿಲು ಬಿಸಿ ಮುದ್ದೆಯ ಮೇಲಿನ ಬೆಣ್ಣೆಯಂತೆ ಮೆತ್ತಗಾಗಿ ಒಳಕ್ಕೆ ಕುಸಿಯಿತು. ಸರಿಯಾದ ಅಂಟನ್ನು ಮೊಬೈಲಿನಲ್ಲಿ ಹುಡುಕಿ ತರಿಸಿದ್ದು ಅದಾದ ಮೇಲೆ. ಕುಸಿದ ಬಾಗಿಲಿಗೆ ಸೆಟ್ಟಿನ ವಸಡು ಮಾಡುವ ಸಾಮಾನು ತುಂಬಿ, ನೀರು ಹಾಕಿ ಉಜ್ಜುವ ಉಪ್ಪುಕಾಗದದಲ್ಲಿ ನುಣ್ಣಗೆ ಮಾಡಿದೆ. ಆ ಕಾರಿಗೆ ಅರ್ಧ ಬಾಗಿಲು ಇವತ್ತಿಗೂ ಹಲ್ಲಿನ ವಸಡಿನದ್ದೇ.

ಅತ್ತೆ ಜೊತೆಗೆ ಕೂತದ್ದು ಎರಡನೆಯ ಭಾನುವಾರ. ಸೊಪ್ಪು ಸೋಸುತ್ತ ನನ್ನನ್ನೇ ನೋಡುತ್ತಿದ್ದವರು, ಕೈ ಒರೆಸಿಕೊಂಡು ಬಂದು ಒಂದು ಚಕ್ರ ಎತ್ತಿಕೊಂಡರು. "ಇಲ್ಲಿ ನೋಡು, ಗಂಟು ಉಳಿಸ್ಬುಟ್ಟಿದ್ದೀಯ." ಚೌಕಟ್ಟಿನಿಂದ ಕತ್ತರಿಸಿದ ಕಡೆ ಸಾಸಿವೆಯಷ್ಟು ಪ್ಲಾಸ್ಟಿಕ್ ಉಳಿದಿತ್ತು. ಅವರಿಗೆ ಅದು ಕಂಡಿರಲಿಲ್ಲ, ಬೆರಳಿಗೆ ಸಿಕ್ಕಿತ್ತು ಎಂದು ಈಗ ಅನ್ನಿಸುತ್ತದೆ. ಅವತ್ತಿನಿಂದ ಗಂಟು ತೆಗೆಯುವ ಕೆಲಸ ಅವರದಾಯಿತು.

ಕೆಂಪು ಬಣ್ಣ ಬೆರೆಸಿ ತೋರಿಸಿದಾಗ ಅವರು ತಲೆಯಾಡಿಸಿದರು. "ಇದು ಕೆಂಪಲ್ಲ ಕಣವ್ವ, ಇಟ್ಟಿಗೆ." ಹೊರಗೆ ಹೋಗಿ ನೋಡಿದೆ. ಇಟ್ಟಿಗೆಯೇ ಆಗಿತ್ತು.

ಅತ್ತೆಗೆ ಬಣ್ಣ ಗೊತ್ತಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಅವರು ಪಿರಿಯಾಪಟ್ಟಣದ ಕಡೆಯ ಹಳ್ಳಿಯವರು. ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸಿ ಒಣಗಿಸಿದ ಮೇಲೆ ಎಲೆ ಎಲೆಯನ್ನೂ ಬಣ್ಣದ ಮೇಲೆ ಬೇರೆ ಮಾಡಿ ಗುಡ್ಡೆ ಹಾಕಬೇಕು. ಹರಾಜಿನಲ್ಲಿ ಸೊಪ್ಪಿಗೆ ಬರುವ ಬೆಲೆ ಆ ಗುಡ್ಡೆಯ ಮೇಲೆ ನಿಂತಿದೆ. ಆ ಕೆಲಸವನ್ನು ಅತ್ತೆ ಲಂಗ ಉಡುತ್ತಿದ್ದ ಕಾಲದಿಂದ ಮಾಡಿದವರು. ನಿಂಬೆ, ಕಿತ್ತಳೆ, ಕಂದು ಎಂದು ನಮಗೆ ಮೂರು ಬಣ್ಣ ಕಂಡರೆ ಅವರಿಗೆ ನಿಂಬೆಯಲ್ಲೇ ನಾಲ್ಕು ನಿಂಬೆ. ಹುಣಸೂರಿಗೆ ನಮ್ಮ ಜೊತೆ ಬಂದ ಮೇಲೂ ಅವರು ಆ ಕೆಲಸ ಬಿಟ್ಟಿರಲಿಲ್ಲ. ಸೀಜನ್ ಬಂದರೆ ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು.

ನನ್ನ ಕೆಲಸದಲ್ಲೂ ಬಣ್ಣವೇ ಮುಖ್ಯ. ಹಲ್ಲು ಎಂದರೆ ಬಿಳಿ ಅಲ್ಲ. ನಮ್ಮಲ್ಲಿ ಶೇಡ್ ಗೈಡ್ ಎಂಬ ಒಂದು ಪಟ್ಟಿ ಇದೆ, ಅದರಲ್ಲಿ ಬಿಳಿಯಿಂದ ಹಳದಿಯವರೆಗೆ ಹದಿನಾರು ಹಲ್ಲು ಸಾಲಾಗಿ ನಿಂತಿರುತ್ತವೆ. ಡಾಕ್ಟರು ಬಾಯಿಯ ಪಕ್ಕ ಹಿಡಿದು ಗುರುತು ಹಾಕಿ ಕಳಿಸಿದ್ದಕ್ಕೆ, ನಾನು ಕಿಟಕಿಯ ಬೆಳಕಿನಲ್ಲಿ ನೋಡಿ, ಹೊಂದುವ ಹಲ್ಲು ಆರಿಸಬೇಕು. ಅತ್ತೆಯೂ ಸೊಪ್ಪನ್ನು ಬಿಸಿಲಿಗೆ ಹಿಡಿಯುತ್ತಿರಲಿಲ್ಲ. ಬಾಗಿಲ ಪಕ್ಕದ ನೆರಳಿನ ಬೆಳಕೇ ಬೇಕು ಎಂದು ಆಮೇಲೆ ಹೇಳಿದರು. ಹೀಗೆ ಒಂದೇ ಮನೆಯಲ್ಲಿ ಬಣ್ಣ ನೋಡಿ ಬದುಕುವ ಇಬ್ಬರು ಹೆಂಗಸರಿದ್ದೆವು. ಮದುವೆಯಾಗಿ ಹದಿನೈದು ವರ್ಷವಾದರೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

ಆಡದಿರಲು ಕಾರಣವಿತ್ತು. ಮೊದಮೊದಲು ಅತ್ತೆಗೆ ನನ್ನ ಕೆಲಸ ಕಂಡರೆ ಆಗುತ್ತಿರಲಿಲ್ಲ. "ಕಂಡೋರ ಬಾಯಿನ ಸಾಮಾನು ಮುಟ್ಟೋ ಕೈ" ಎಂದು, ಕೆಲಸದಿಂದ ಬಂದವಳು ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡುವಂತಿರಲಿಲ್ಲ. ಜಗಳವೇನೂ ಆಡಲಿಲ್ಲ. ನಾನು ಸ್ನಾನ ಮಾಡಿಯೇ ಹೋಗುತ್ತಿದ್ದೆ. ಮಾತು ಮಾತ್ರ ಊಟ, ನೀರು, ಕರೆಂಟಿನಷ್ಟಕ್ಕೇ ನಿಂತಿತ್ತು. ಕಾರು ಬಂದ ಮೇಲೆ ಭಾನುವಾರ ಮಧ್ಯಾಹ್ನ ಊಟವಾದ ಕೂಡಲೇ ಅತ್ತೆಯೇ ಜಗುಲಿಯಲ್ಲಿ ಚಾಪೆ ಹಾಸಿ, "ಬಾರವ್ವ, ಎಷ್ಟೊತ್ತು?" ಎಂದು ಕರೆಯತೊಡಗಿದರು. ಬಣ್ಣ ಹೊಡೆದ ಮೇಲೆ ಧೂಳು ಕೂರುತ್ತದೆ ಎಂದು ನಾನು ಒದ್ದಾಡುತ್ತಿದ್ದಾಗ ಮುದ್ದೆ ಮಾಡುವ ದೊಡ್ಡ ಪಾತ್ರೆಯನ್ನು ತಂದು ಕಾರಿನ ಮೇಲೆ ಬೋರಲು ಹಾಕಿದವರೂ ಅವರೇ. ಅವತ್ತು ರಾತ್ರಿ ನಮಗೆ ಉಪ್ಪಿಟ್ಟು.

ಎರಡನೆಯ ಕಾರು ಬಿಳಿಯದು. ಹಿಂದುಗಡೆ ನಾಲ್ಕು ದುಂಡು ದೀಪಗಳಿದ್ದ, ಮೈಯೆಲ್ಲ ಚೌಕಾಕಾರದ ಗಾಡಿ. ನಾನೇ ತರಿಸಿದ್ದು. ಬಣ್ಣ ಹೊಡೆದು ಒಣಗಿದ ಮೇಲೆ ಬಲಗಡೆಯ ಬಾಗಿಲಿಗೆ ಗೀರು ಬಿತ್ತು. ಅಷ್ಟರಲ್ಲಿ ಮೊದಲಿನ ಬಿಳಿ ಮುಗಿದಿತ್ತು. ಕಾರುಗಳ ರಿಪೇರಿಗೆ ಬಣ್ಣ ಬೆರೆಸಿಕೊಡುವ ಅಂಗಡಿಯಿಂದ ಇನ್ನೊಂದು ಬಿಳಿ ತಂದು ಹೊಡೆದೆ. ಬಾಗಿಲು ಸ್ವಲ್ಪ ಕೆನೆಬಣ್ಣ ತಿರುಗಿದೆಯೇನೋ ಎಂದು ನನಗೆ ಅನುಮಾನ. ಅತ್ತೆಗೆ ತೋರಿಸಿದೆ. ಅವರು ತಿರುಗಿಸಿ ತಿರುಗಿಸಿ ನೋಡಿ, "ಒಂದೇ ಅದೆ ಬುಡು," ಎಂದರು. ಇನ್ನೊಮ್ಮೆ ಕೇಳಿದೆ. ಮತ್ತೂ ಅದನ್ನೇ ಹೇಳಿದರು. ಅವರೇ ಹೇಳಿದ ಮೇಲೆ ನನ್ನ ಕಣ್ಣಿನದೇ ತಪ್ಪಿರಬೇಕು ಎಂದುಕೊಂಡು ಷೋಕೇಸಿನಲ್ಲಿ ಇಟ್ಟೆ.

ಮೂರನೆಯದು ಮುಂದಕ್ಕೆ ಚೂಪಾಗಿ ಇಳಿದ, ಪುಟ್ಟ, ತಗ್ಗಾದ ಕಾರು. ಅದರ ಮುಂದಿನ ದೀಪಗಳು ಬೇಕಾದಾಗ ಮೇಲೇಳುತ್ತವೆ, ಬೇಡದಾಗ ಕಣ್ಣು ಮುಚ್ಚಿದಂತೆ ಒಳಗೆ ಹೋಗುತ್ತವೆ. ಅತ್ತೆ ಅದಕ್ಕೆ ಕಪ್ಪೆ ಎಂದು ಹೆಸರಿಟ್ಟರು. ಯಾವ ಬಣ್ಣ ಹೊಡೆಯೋಣ ಎಂದು ಕೇಳಿದ್ದಕ್ಕೆ ಕ್ಷಣವೂ ಯೋಚಿಸದೆ, "ನಿಂಬೆ. ಮೊದಲ್ನೇ ದರ್ಜೆ ನಿಂಬೆ," ಎಂದರು. ಅಂಗಡಿಯಲ್ಲಿ ನಿಂತು ತೆಳು ನಿಂಬೆಬಣ್ಣ ಬೆರೆಸಿಸಿಕೊಂಡು ಬಂದೆ. ಕೆಳಗೆ ಬಿಳಿ ಅಸ್ತರಿ ಹೊಡೆದು, ಒಣಗಿಸಿ, ಅದರ ಮೇಲೆ ಎರಡು ಕೋಟು ನಿಂಬೆ ಹೊಡೆದು, ಜಗುಲಿಗೆ ತಂದು ಅತ್ತೆಯ ಅಂಗೈ ಮೇಲೆ ಇಟ್ಟೆ. ಮಧ್ಯಾಹ್ನದ ಒಳ್ಳೆಯ ಬೆಳಕು. ಅತ್ತೆ ಕಾರನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಬಿಳೀದು ಚೆನ್ನಾಗಿ ಕೂತದೆ ಕಣವ್ವ. ಇನ್ನು ಅಳದಿ ಯಾವಾಗ ಹೊಡೀತೀಯ?"

ತಮಾಷೆ ಮಾಡುತ್ತಿದ್ದಾರೆ ಎಂದು ನಕ್ಕೆ. ಅವರು ನಗಲಿಲ್ಲ. ನನ್ನ ನಗು ಕೇಳಿ ಮತ್ತೆ ಕಾರಿನ ಕಡೆ ನೋಡಿದರು. ಮುಖದಲ್ಲಿ ಏನೋ ಬದಲಾಯಿತು. "ಓ, ಹೊಡ್ದಿದ್ದೀಯ," ಎಂದು ಕಾರನ್ನು ಚಾಪೆಯ ಮೇಲಿಟ್ಟು, ಹಾಲು ಕಾಯಿಸುತ್ತೇನೆಂದು ಎದ್ದು ಒಳಗೆ ಹೋದರು. ಹಾಲು ಆಗಲೇ ಕಾಯಿಸಿ ಆಗಿತ್ತು.

ಮಾರನೆಯ ದಿನ ನಾನು ಶೇಡ್ ಗೈಡನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಇನ್ನೂ ಬೆಳಕಿತ್ತು. ಪಟ್ಟಿಯಿಂದ ಎರಡು ಹಲ್ಲು ಬಿಡಿಸಿ ಅತ್ತೆಯ ಮುಂದೆ ಹಿಡಿದೆ. ಒಂದು ಹಾಲುಬಿಳಿ, ಇನ್ನೊಂದು ಬೀಡಿ ಸೇದುವವರ ಹಲ್ಲಿನಂಥದ್ದು. ಯಾರು ನೋಡಿದರೂ ಬೇರೆ ಎನ್ನುವಷ್ಟು ಬೇರೆ.

"ಅತ್ತೆ, ಇದರಲ್ಲಿ ಯಾವುದು ಹಳದಿ?"

ಅವರು ಮುಟ್ಟಲು ಕೈ ಚಾಚಿದರು. ನಾನು ಹಿಂದಕ್ಕೆ ಎಳೆದುಕೊಂಡೆ. "ಮುಟ್ಟಬೇಡಿ, ನೋಡಿ ಹೇಳಿ."

ಹಾಗೆ ಹೇಳಬಾರದಿತ್ತು. ಅತ್ತೆ ಚಾಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ನಾನು ಹಲ್ಲುಗಳನ್ನು ಪಟ್ಟಿಗೆ ಸಿಕ್ಕಿಸಿ ಚೀಲದೊಳಗೆ ಹಾಕಿದೆ. ಆಮೇಲೆ ಅವರು ಅಂದರು: "ಎರಡು ವರ್ಸ ಆಯ್ತು."

"ಎರಡು ವರ್ಷದಿಂದ ಹೊಗೆಸೊಪ್ಪು ಹೇಗೆ ನೋಡ್ತಿದ್ರಿ ಮತ್ತೆ?"

"ಮುಟ್ಟಿದ್ರೆ ಗೊತ್ತಾಯ್ತದೆ. ಒಳ್ಳೆ ಸೊಪ್ಪು ಬೆರಳ್ಗೆ ಎಣ್ಣೆಣ್ಣೆ ಆಯ್ತದೆ. ಗೊತ್ತಾಗ್ದೇ ಇದ್ದಾಗ ಪಕ್ಕದೋಳ್ನ ಮಾತಾಡುಸ್ತಾ ಮಾತಾಡುಸ್ತಾ ಆಕೆ ಎಲ್ಲಿಗೆ ಆಕ್ತಾಳೆ ಅಂತ ನೋಡ್ಕತಿದ್ದೆ."

"ಹೇಳಬಾರದಾಗಿತ್ತಾ ಅತ್ತೆ?"

"ಯೋಳಿದ್ರೆ ನನ್ ಮಗ ಕೆಲ್ಸ ಬುಡುಸ್ತಿದ್ದ. ಅಲ್ಲಾದ್ರೆ ನಾಕ್ ಜನ ಇರ್ತಾರೆ." ನನ್ನ ಕಡೆ ನೋಡದೆ ಸೇರಿಸಿದರು: "ಇಲ್ಲೂ ಈಗ ಭಾನ್ವಾರ ಅನ್ನೋದೊಂದು ಆಗದೆ. ಬಣ್ಣ ನೋಡಿ ಅತ್ತೆ ಅಂತೀಯ. ಕಾಣಾಕಿಲ್ಲ ಅಂದ್ಬುಟ್ರೆ ನೀನೂ ಕರೆಯಾಕಿಲ್ಲ."

ಕೆಲಸದಿಂದ ಬಂದವಳು ಹಾಗೇ ಅವರ ಪಕ್ಕದಲ್ಲಿ ಕೂತಿದ್ದೆ. ಸ್ನಾನ ಆಗಿರಲಿಲ್ಲ. ಅವರ ಕೈ ಹಿಡಿದುಕೊಂಡೆ, ಅವರು ಬಿಡಿಸಿಕೊಳ್ಳಲಿಲ್ಲ.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಚೆನ್ನಾಗಿ ಬಲಿತಿದೆ, ಹೆದರುವಂಥದ್ದೇನಿಲ್ಲ ಎಂದರು. ಪೊರೆ ಹಳದಿ ಗಾಜಿನ ಹಾಗೆ, ಅದರ ಮೂಲಕ ನೋಡಿದರೆ ಬಿಳಿಯೂ ತೆಳು ಹಳದಿಯೂ ಒಂದೇ ಥರ ಕಾಣುತ್ತವೆ ಎಂದು ವಿವರಿಸಿದರು. ಮೊದಲು ಬಲಗಣ್ಣು ಮಾಡಿದರು. ನನ್ನ ಗಂಡ ರಜೆ ಹಾಕಿ ಜೊತೆಯಲ್ಲಿದ್ದರು. ಮಾರನೆಯ ಬೆಳಗ್ಗೆ ಪಟ್ಟಿ ಬಿಚ್ಚಿದಾಗ ಅತ್ತೆ ಡಾಕ್ಟರನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ತಮ್ಮ ಸೀರೆಯ ಸೆರಗನ್ನು ಎತ್ತಿ ನೋಡಿಕೊಂಡರು.

"ಇದು ನೀಲಿನಾ? ಅಸುರು ಅಂತ ಉಟ್ಕಂಡು ಬಂದೆ."

ಹುಣಸೂರಿಗೆ ವಾಪಸ್ಸು ಬರುವ ದಾರಿಯುದ್ದಕ್ಕೂ ಅವರು ಕಿಟಕಿಯ ಪಕ್ಕ ಕೂತು, ಕಪ್ಪು ಕನ್ನಡಕ ಎತ್ತಿ ಎತ್ತಿ ಹೊರಗೆ ನೋಡಿದರು. ನಾನು ಕನ್ನಡಕ ಇಳಿಸಿ ಇಳಿಸಿ ಸುಸ್ತಾದೆ. ಬಿಳಿಕೆರೆ ದಾಟುವಾಗ ಒಂದು ಮನೆಯ ಗೋಡೆ ತೋರಿಸಿ, "ಇಂಥಾ ನೀಲಿ ಮೊದ್ಲೂ ಇತ್ತಾ?" ಎಂದು ಮಗನನ್ನು ಕೇಳಿದರು. "ಇತ್ತು ಕಣವ್ವ," ಎಂದರು ಅವರು. "ನಾನು ನೋಡೇ ಇರ್ನಿಲ್ಲ," ಎಂದರು ಅತ್ತೆ.

ಮನೆಗೆ ಬಂದವರೇ ಷೋಕೇಸಿನ ಹತ್ತಿರ ಹೋದರು. ಬಿಳಿ ಕಾರನ್ನು ಕೈಗೆ ತೆಗೆದುಕೊಂಡರು.

"ಇದೇನಿದು? ಈ ಬಾಗ್ಲು ಬ್ಯಾರೆ ಗಾಡೀದಾ?"

ನನಗೆ ನಗು ತಡೆಯಲಾಗಲಿಲ್ಲ. "ನೀವೇ ಒಂದೇ ಅದೆ ಬುಡು ಅಂದದ್ದು ಅತ್ತೆ, ಎರಡು ಸಲ!" ಎಂದೆ. ಅವರೂ ನಗತೊಡಗಿದರು. ನಕ್ಕರೆ ಕಣ್ಣಿಗೆ ಒತ್ತಡ ಬೀಳುತ್ತದೆ ಎಂದು ನನ್ನ ಗಂಡ ಇಬ್ಬರ ಮೇಲೂ ರೇಗಿದರು. ಆಮೇಲೆ ಅತ್ತೆ ನಿಂಬೆಬಣ್ಣದ ಕಾರನ್ನು ತೆಗೆದುಕೊಂಡು ಬಾಗಿಲ ಪಕ್ಕದ ನೆರಳಿಗೆ ಹೋದರು. ಹಿಂದೆ ಮುಂದೆ, ಛಾವಣಿ, ಬಾಗಿಲು, ಒಂದನ್ನೂ ಬಿಡದೆ ನೋಡಿದರು. ಮೊದಲ ದರ್ಜೆಯ ನಿಂಬೆ ಹೌದು, ಆದರೆ ಮೂಗಿನ ಹತ್ತಿರ ಬಣ್ಣ ಕಮ್ಮಿ ಬಿದ್ದಿದೆ, ಇನ್ನೊಂದು ಕೋಟು ಬೇಕು ಎಂದು ತೀರ್ಪು ಕೊಟ್ಟರು. ಬಿಳಿ ಕಾರಿನ ಬಾಗಿಲನ್ನು ಉಜ್ಜಿ ಮತ್ತೆ ಹೊಡೆಯುವವರೆಗೆ ನನ್ನನ್ನು ಬಿಡಲಿಲ್ಲ.

ಎಡಗಣ್ಣಿನದೂ ಆಯಿತು. ಕಣ್ಣಿಗೆ ಔಷಧಿ ಬಿಡುವುದು ನಿಂತ ವಾರವೇ ಅತ್ತೆ, ತಾವು ಕೆಲಸ ಮಾಡುತ್ತಿದ್ದ ತೋಟದ ಯಜಮಾನನನ್ನು ನೋಡಬೇಕು ಎಂದು ಹಟ ಹಿಡಿದರು. ನಾನೇ ಜೊತೆಗೆ ಹೋದೆ. ಯಜಮಾನ ಎಂದರೆ ನನ್ನ ಗಂಡನ ವಯಸ್ಸಿನವನು. ಸೊಪ್ಪು ಬೇಯಿಸುವ ಮನೆಯ ಮುಂದೆ ಸೌದೆ ಜೋಡಿಸುತ್ತಿದ್ದ. ಅತ್ತೆ ಕೂರಲೂ ಇಲ್ಲ, ನಿಂತೇ ಹೇಳಿದರು.

"ನೋಡಪ್ಪ, ಎರಡು ವರ್ಸ ನನ್ಗೆ ಕಣ್ ಕಾಣ್ತಿರ್ನಿಲ್ಲ. ನಾನು ಬಾಯ್ ಬುಡ್ನಿಲ್ಲ. ನಿನ್ ಸೊಪ್ಪು ಎಷ್ಟು ಕೆಟ್ಟ ಗುಡ್ಡೆಗೆ ಓಯ್ತೋ ನನ್ಗೆ ಗೊತ್ತಿಲ್ಲ. ತಪ್ಪಾಯ್ತು."

ಅವನು ಕೈಯ ಸೌದೆ ಕೆಳಗಿಟ್ಟ. "ದೊಡ್ಡವ್ವ, ಕೂತ್ಕೋ ಮೊದ್ಲು," ಎಂದ. ಅವರನ್ನು ಕೂರಿಸಿದ ಮೇಲೆ ಹೇಳಿದ: "ನಂಗೆ ಗೊತ್ತಿತ್ತು. ಎಲ್ರಿಗೂ ಗೊತ್ತಿತ್ತು. ನೀನು ಆಕಿದ್ ಸೊಪ್ನ, ನಿನ್ನ ಎಡಗಡೆ ಕೂತ್ಕತಿದ್ಲಲ್ಲ, ಆಕೆ ಇನ್ನೊಂದ್ಸಲ ನೋಡಿ ಸರಿ ಗುಡ್ಡೆಗೆ ಎತ್ತಾಕೋಳು. ನಾವ್ಯಾರೂ ನಿಂಗೆ ಯೋಳ್ನಿಲ್ಲ ಅಷ್ಟೇಯ."

"ಗೊತ್ತಿದ್ದೂ ಯಾಕ್ ಕರೀತಿದ್ದೆ?"

"ನೀನು ಇಲ್ದೇ ಇದ್ರೆ ಆ ಹೆಂಗಸ್ರು ಕೆಲ್ಸ ಕಲೀತಿದ್ರಾ? ಕಲ್ಸ್ದೋಳು ನೀನಲ್ವಾ? ಬುಡು ದೊಡ್ಡವ್ವ. ಕಾಪಿ ಕುಡಿ."

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತರು. ಹುಣಸೂರು ಹತ್ತಿರವಾದಾಗ, "ಎರಡು ವರ್ಸ ಆಕೆ ಬ್ಯಾರೆ ಕಡೆ ಕೂರ್ತಾನೇ ಇರ್ನಿಲ್ಲ. ಆಡ್ಕೊಳ್ಳಾಕೆ ಬಂದು ಕೂರ್ತಾಳೆ ಅಂದ್ಕಂಡಿದ್ದೆ," ಎಂದರು. ಮಾರನೆಯ ದಿನ ಹುರಿಗಾಳು ಹುರಿದು, ಡಬ್ಬ ತುಂಬಿ, ಬೆಳಗಿನ ಬಸ್ಸಿಗೆ ತಾವೇ ಹೋಗಿ ಆಕೆಗೆ ಕೊಟ್ಟು ಬಂದರು. ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಸೀಜನ್ ಬಂದರೆ ವಾರದಲ್ಲಿ ಮೂರು ದಿನ ಹೋಗುತ್ತಾರೆ. ಹೊಸಬರಿಗೆ ಬಣ್ಣ ತೋರಿಸಿಕೊಡುವುದು, ನಡುವೆ ಎಲೆ ಅಡಿಕೆ. ಅಷ್ಟು ಸಾಕು ಎನ್ನುತ್ತಾರೆ.

ಈ ಸಲದ ಕಾರನ್ನು ಆರಿಸಿದವರು ಅತ್ತೆ. ನನ್ನ ಮೊಬೈಲಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತ ಹೋಗಿ, ಮೇಲೆ ಛಾವಣಿಯೇ ಇಲ್ಲದ ಒಂದು ಪುಟ್ಟ ಕಾರಿನ ಹತ್ತಿರ ನಿಂತರು. ಬಹಳ ಹಳೆಯದು, ದುಂಡನೆ ಕಣ್ಣಿನದು. ಬಣ್ಣ ನೀಲಿ ಎಂದರು. ನಿಂಬೆಯಲ್ಲಿ ನಾಲ್ಕು ಬಗೆ ಹೇಳುವವರು ನೀಲಿಯಲ್ಲಿ ಹೇಳಲು ಬಾರದೆ ಒದ್ದಾಡಿದರು. ಹೊಗೆಸೊಪ್ಪಿನಲ್ಲಿ ನೀಲಿ ಇಲ್ಲವಲ್ಲ. ಕೊನೆಗೆ ಆಸ್ಪತ್ರೆಗೆ ಉಟ್ಟುಕೊಂಡು ಹೋಗಿದ್ದ ಸೀರೆಯ ಅಂಚಿನಿಂದ ಒಂದು ನೂಲೆಳೆ ಕಿತ್ತು ಕೊಟ್ಟರು. ಬಣ್ಣದ ಅಂಗಡಿಯವನು ಅದನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ, ಮೂರು ಸಲ ಬೆರೆಸಿ, ಮೂರನೆಯ ಸಲಕ್ಕೆ ಸರಿ ಮಾಡಿದ.

ಹೋದ ಭಾನುವಾರ ಕೊನೆಯ ಕೋಟು ಹೊಡೆದೆವು. ಎಂದಿನಂತೆ ಮುದ್ದೆ ಪಾತ್ರೆ ಬೋರಲು ಹಾಕಿ, ಸಂಜೆಗೆ ಎತ್ತಿದೆವು. ಎಲ್ಲೂ ಧೂಳಿರಲಿಲ್ಲ, ಎಲ್ಲೂ ಸೋರಿರಲಿಲ್ಲ. ಅತ್ತೆ ಸೀಟುಗಳ ಗಂಟು ತೆಗೆದು ಮುಗಿಸಿದ್ದರು, ನಾನು ಇಕ್ಕಳದಲ್ಲಿ ಹಿಡಿದು ಅಂಟಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಗಂಡ ಡ್ಯೂಟಿ ಮುಗಿಸಿ ಬಂದರು. ಚಪ್ಪಲಿ ಬಿಡುತ್ತಲೇ ಬಗ್ಗಿ ನೋಡಿ ಕೇಳಿದರು.

"ಇದ್ರಲ್ಲಿ ಎರಡೇ ಸೀಟಲ್ಲವ್ವ. ನಾನೆಲ್ಲಿ ಕೂರ್ಲಿ?"

"ನೀನು ನಿನ್ ಬಸ್ಸಲ್ಲಿ ಬಾ ಕಣ್ಲಾ," ಎಂದರು ಅತ್ತೆ ತಲೆ ಎತ್ತದೆ, ಸ್ಟೇರಿಂಗನ್ನು ನನ್ನ ಅಂಗೈಗೆ ಹಾಕುತ್ತ.